ಉತ್ತರಹಳ್ಳಿ ಬಸ್ ನಕ್ಷಾಮೀಮಾಂಸೆ

ಬಸ್ಸಿನ ನಕ್ಷೆಯೆಂಬುದು ಬಸ್ಸು ಬರುವ ತನಕ ಓದತಕ್ಕ ಶಾಸ್ತ್ರ. ಓದಲು ಬೇಕಾದ ಪುರುಸೊತ್ತು ಉತ್ತರಹಳ್ಳಿಯ ಸ್ಟಾಪಿನಲ್ಲಿ ಯಥೇಚ್ಛವಾಗಿ ಸಿಗುತ್ತದೆ. ಕೊರತೆ ನಕ್ಷೆಯದು ಮಾತ್ರ. ಆದ್ದರಿಂದ ಈ ಪ್ರಬಂಧ.

ಶಾಸ್ತ್ರಕ್ಕೆ ಅಧಿಕಾರಿ ಯಾರೆಂದು ಮೊದಲೇ ಹೇಳುವುದು ಸಂಪ್ರದಾಯ. (ಶಾಂತಿನಗರದ ಬಿಎಂಟಿಸಿ ಕಚೇರಿಯವರು ಗಾಬರಿಯಾಗಬೇಕಿಲ್ಲ.) ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಛತ್ರಿ, ಕನ್ನಡಕ ಮನೆಯಲ್ಲಿ, ಈ ಲಕ್ಷಣಗಳುಳ್ಳವರೇ ಅಧಿಕಾರಿಗಳು. ಅವರ ಜಿಜ್ಞಾಸೆ ಒಂದೇ: “ಬನಶಂಕರಿ ಹೋಗತ್ತೇನಪ್ಪಾ?”

ಇದನ್ನು ತಿಳಿಯಲು ಸದ್ಯ ಮೂರು ಪ್ರಮಾಣಗಳಿವೆ. ಬೋರ್ಡು ನೋಡುವುದು ಪ್ರತ್ಯಕ್ಷ. ಆದರೆ ಮಿನುಗುವ ಬೋರ್ಡಿನಲ್ಲಿ ಅಕ್ಷರಗಳು ಮೆರವಣಿಗೆ ಹೊರಟಿರುತ್ತವೆ. ಊರಿನ ಹೆಸರು ಪೂರ್ತಿ ಕಾಣುವಷ್ಟರಲ್ಲಿ ಕಾಣುವುದು ಬಸ್ಸಿನ ಬೆನ್ನು. ಎರಡನೆಯದು ಅನುಮಾನ: ಹೊಗೆಯಿದ್ದಲ್ಲಿ ಬೆಂಕಿ, ಖಾಲಿ ಹೂವಿನ ಬುಟ್ಟಿಯಿದ್ದಲ್ಲಿ ಮಾರ್ಕೆಟ್. ಬುಟ್ಟಿಯವರು ಮಾರ್ಕೆಟ್ಟಿನಿಂದ ಮನೆಗೆ ಮರಳುತ್ತಿದ್ದರೆ ಈ ತರ್ಕ ಕೆಡುತ್ತದೆ. ಮೂರನೆಯದು ಶಬ್ದ, ಅಂದರೆ ಕಂಡಕ್ಟರ್ ವಾಕ್ಯ: “ಹೋಗಲ್ಲ ಹೋಗಲ್ಲ, ಹಿಂದಿನ ಗಾಡಿ ಹತ್ತಿ.” ಇದು ಅಪೌರುಷೇಯ, ಪ್ರಶ್ನಿಸುವಂತಿಲ್ಲ. ಹಿಂದೆ ಗಾಡಿಯೇ ಇಲ್ಲದಿದ್ದರೂ ವಾಕ್ಯಕ್ಕೆ ಬಾಧೆಯಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತಪ್ಪು ಬಸ್ಸು ಹತ್ತಿದರೆ ಹೆಂಗಸರಿಗೆ ಕಾಸಿನ ನಷ್ಟವಿಲ್ಲ. ಹೊತ್ತಿನ ನಷ್ಟವಂತೂ ಗಂಡಸರು, ಹೆಂಗಸರು ಇಬ್ಬರಿಗೂ ಸಮಪಾಲು.

ಇನ್ನು ಪೂರ್ವಪಕ್ಷ. ‘ನೆಲ ಇದ್ದಂತೆ ಗೆರೆ ಎಳೆಯಿರಿ’ ಎನ್ನುವವರು ಭೂಗೋಳವಾದಿಗಳು. ಅವರ ಮಾತು ಕೇಳಿದರೆ ಮೆಜೆಸ್ಟಿಕ್ ಬಿಡಿಸಲಾಗದ ಗೋಜಲಾಗುತ್ತದೆ, ಉತ್ತರಹಳ್ಳಿ ಹಾಳೆಯ ಮೂಲೆಯಲ್ಲಿ ಮಡಿಕೆಗೆ ಸಿಕ್ಕುತ್ತದೆ. ಲಂಡನ್ನಿನ ಹ್ಯಾರಿ ಬೆಕ್ ಈ ವಾದವನ್ನು ಆಗಲೇ ಖಂಡಿಸಿದ್ದಾನೆ. ವಿದ್ಯುತ್ ಸರ್ಕೀಟಿನ ಚಿತ್ರ ಬರೆಯುತ್ತಿದ್ದ ಈತ 1931ರಲ್ಲಿ ಸುರಂಗ ರೈಲಿನ ನಕ್ಷೆಯನ್ನು ನೆಟ್ಟಗಿನ, ಅಡ್ಡ, ಓರೆ ಗೆರೆಗಳಲ್ಲೇ ಮುಗಿಸಿದ. 1933ರಲ್ಲಿ ಅದು ಅಚ್ಚಾಯಿತು. ನ್ಯೂಯಾರ್ಕಿನಲ್ಲಿ ಮಾಸಿಮೊ ವಿನ್ಯೆಲ್ಲಿ 1972ರಲ್ಲಿ ಇದೇ ದಾರಿ ಹಿಡಿದು, ಉದ್ದನೆಯ ಸೆಂಟ್ರಲ್ ಪಾರ್ಕನ್ನು ಚೌಕ ಮಾಡಿಬಿಟ್ಟ. ಊರವರು ಸಹಿಸಲಿಲ್ಲ, 1979ರಲ್ಲಿ ನಕ್ಷೆ ಬದಲಾಯಿತು. ಪಾರ್ಕಿನ ವಿಷಯದಲ್ಲಿ ಜನ ಹೀಗಿರುವಾಗ ನಮ್ಮವರ ದೇವೇಗೌಡ ಪೆಟ್ರೋಲ್ ಬಂಕನ್ನು ಎರಡು ಇಂಚು ಸರಿಸಿದರೆ ಏನಾದೀತೋ! ನಮ್ಮಲ್ಲಿ ದಾರಿ ನಡೆಯುವುದೇ ಬಂಕು, ನೀರಿನ ಟ್ಯಾಂಕು, ಟಾಕೀಸಿನ ಮೇಲೆ. ಜಯನಗರದ ನಂದಾ ಟಾಕೀಸಿನಲ್ಲಿ ಸಿನಿಮಾ ನಿಂತು ಎಷ್ಟೋ ವರ್ಷವಾದರೂ ಆ ಹೆಸರಿನ ಸ್ಟಾಪಿನಲ್ಲಿ ಇಳಿಯುವವರು ಇಳಿಯುತ್ತಲೇ ಇದ್ದಾರೆ. ಇಲ್ಲದ ಟಾಕೀಸನ್ನು ತೋರಿಸದ ನಕ್ಷೆ ಸುಳ್ಳು ನಕ್ಷೆ.

ವಂಶಾವಳಿಯ ತೊಡಕು ಬೇರೆ. 210 ನಂಬರಿನ ಬಸ್ಸೆಂಬ ಮೂಲಪುರುಷನ ಸಂತಾನವೆಲ್ಲ ಬಾಲಕ್ಕೆ ಒಂದೊಂದು ಇಂಗ್ಲಿಷ್ ಅಕ್ಷರ ಕಟ್ಟಿಕೊಂಡು ಒಬ್ಬೊಬ್ಬರು ಒಂದೊಂದು ದಾರಿ ಹಿಡಿದಿದ್ದಾರೆ. ಅಕ್ಷರವನ್ನು ಅಂಕಿಗಿಂತ ಚಿಕ್ಕದಾಗಿ ಬರೆಯುವುದು ದಾಯಾದಿ ಕಲಹಕ್ಕೆ ಮೂಲ. ಕವಲೊಡೆಯುವ ಜಾಗದಲ್ಲೇ ಅದನ್ನು ದಪ್ಪಗೆ ಬರೆಯತಕ್ಕದ್ದು.

ಸಿದ್ಧಾಂತ: ಇಡೀ ಬೆಂಗಳೂರಿನ ನಕ್ಷೆ ನಮ್ಮ ಸ್ಟಾಪಿನ ಕಂಬಕ್ಕೆ ಬೇಡ. ಇಲ್ಲಿಂದ ಹೊರಡುವ ಗೆರೆಗಳಷ್ಟೇ ಸಾಕು. ಲಂಡನ್ನಿನ ಬಸ್ ಸ್ಟಾಪುಗಳಲ್ಲಿ ಈ ಬಗೆಯದನ್ನು ಜೇಡ ನಕ್ಷೆ ಎನ್ನುತ್ತಾರೆ. ನಟ್ಟನಡುವೆ ಉತ್ತರಹಳ್ಳಿ. ಒಂದು ಕಡೆ ಚಿಕ್ಕಲ್ಲಸಂದ್ರ, ಪದ್ಮನಾಭನಗರ, ಬನಶಂಕರಿ. ಇನ್ನೊಂದು ಕಡೆ ಕೆಂಗೇರಿ. ಮತ್ತೊಂದು ಕಡೆ ಕೋಣನಕುಂಟೆ ಕ್ರಾಸ್, 2021ರ ಜನವರಿಯಿಂದ ಮೆಟ್ರೊ ನಿಲ್ಲುವ ಜಾಗವಾದ್ದರಿಂದ ಅದಕ್ಕೊಂದು ಹಸಿರು ಚುಕ್ಕೆ. ಕನ್ನಡ ಅಕ್ಷರ ಹೆಬ್ಬೆರಳ ಗಾತ್ರ. ಎಲ್ಲಕ್ಕಿಂತ ಮುಖ್ಯವಾಗಿ, ರಸ್ತೆಯ ಯಾವ ಬದಿಗೆ ನಿಲ್ಲಬೇಕೆಂದು ಒಂದು ಬಾಣ. ಮೊಬೈಲ್ ಆ್ಯಪ್ ಇದೆಯಲ್ಲ ಎಂಬ ಆಕ್ಷೇಪಕ್ಕೆ, ಕನ್ನಡಕ ಮನೆಯಲ್ಲಿದೆ ಎಂಬುದೇ ಸಮಾಧಾನ.

ಕೊನೆಗೆ, ಪಿ.ಜಿ. ನಡೆಸುವವರಲ್ಲೂ ಟ್ಯೂಷನ್ ಹೇಳುವವರಲ್ಲೂ ಒಂದು ವಿನಂತಿ: ಮುಂದೊಂದು ದಿನ ಈ ನಕ್ಷೆ ಕಂಬಕ್ಕೆ ಬಂದರೆ, ನಿಮ್ಮ ಚೀಟಿಯನ್ನು ದಯವಿಟ್ಟು ಅದರ ಕೆಳಗೆ ಅಂಟಿಸಿ.