ಸಾವ್ಕಾರ್ರ ಲೆಟರ್‌ಹೆಡ್

ಕಾಳಗಿಯಲ್ಲಿ ಇವರಿಗೆ ಹೆಸರು ಬೇಕಾಗಿಲ್ಲ, ‘ಸಾವ್ಕಾರ್ರು’ ಅಂದರೆ ಸಾಕು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಎಲ್ಲಿ ಹೋದರೂ ಅಂಗಿಯ ಬಣ್ಣ ಬದಲಾದೀತೇ ಹೊರತು ಆಸಾಮಿ ಅವರೇ. ಮನೆ ಕಾಳಗಿಯಲ್ಲಿ, ಫರ್ಶಿ ಕಲ್ಲಿನ ಖಣಿ ಚಿತ್ತಾಪುರದ ಕಡೆ, ವ್ಯಾಪಾರ ಶಹಾಬಾದಿನಲ್ಲಿ. ಹಣೆಗೆ ಮೂರು ಬೆರಳಿನ ವಿಭೂತಿ, ಎದೆಯ ಕಿಸೆಯಲ್ಲಿ ಎರಡು ಪೆನ್ನು. ಆ ಪೆನ್ನುಗಳಿಂದ ಅವರು ಬರೆದದ್ದನ್ನು ಮಾತ್ರ ಈವರೆಗೆ ಯಾರೂ ಕಂಡಿಲ್ಲ.

ಜಿಪುಣರು ಅನ್ನುವಂತಿಲ್ಲ. ಆಳಿನ ಮಗಳ ಮದುವೆಗೆ ಅಕ್ಕಿ ಚೀಲ ಇಳಿಸುತ್ತಾರೆ. ಅವ್ವನನ್ನು ಕಲಬುರಗಿ ದವಾಖಾನೆಗೆ ಒಯ್ಯಬೇಕು ಅಂದರೆ ಜೀಪು ಕೊಟ್ಟು, ಡೀಸೆಲ್ ಹಾಕಿಸಿ, ಮೇಲೆ ಕೈಗಡವನ್ನೂ ಕೊಡುತ್ತಾರೆ. ರೇವಗ್ಗಿ ರೇವಣಸಿದ್ಧೇಶ್ವರ ಗುಡ್ಡದ ಜಾತ್ರೆಗೆ ಎಲ್ಲರಿಗೂ ಖರ್ಚಿಗೆ ದುಡ್ಡು. ಎಲ್ಲವೂ ಬಾಯಿಮಾತಿನಲ್ಲೇ. ಕಾಗದ ಅಂದ ತಕ್ಷಣ ಮಾತ್ರ ಸಾವ್ಕಾರ್ರಿಗೆ ಎದೆ ಉರಿ ಶುರುವಾಗುತ್ತದೆ.

ಇವರ ಖಣಿಯಲ್ಲಿ ಒಬ್ಬ ಹುಡುಗ ಇರುತ್ತಾನೆ. ಹುಡುಗ ಅನ್ನುವುದು ರೂಢಿ, ವಯಸ್ಸು ಮೂವತ್ತು ದಾಟಿದೆ. ಫರ್ಶಿಯ ಮೇಲೆ ಹಾರಿಯಿಂದ ಒಂದೇಟು ಹಾಕಿ, ಸಪ್ಪಳ ಕೇಳಿ, ಪದರು ಎಲ್ಲಿ ಬಿಡುತ್ತದೆಂದು ಹೇಳುವಂಥವನು. ಬೆಳಗ್ಗೆ ಎಲ್ಲರಿಗಿಂತ ಮೊದಲು ಕೆಳಗಿಳಿದು, ಅಂಚಿನ ಮಣ್ಣು ಸಡಿಲಾಗಿದೆಯೋ, ಮೇಲೆ ತೂಗುವ ಕಲ್ಲು ಇದೆಯೋ ನೋಡಿ, ‘ಈಗ ಇಳೀರಿ’ ಅಂದ ಮೇಲೆಯೇ ಉಳಿದವರು ಇಳಿಯುವುದು. ಈ ಕೆಲಸಕ್ಕೆ ಕಾನೂನಿನಲ್ಲಿ ‘ಮೇಟ್’ ಅಂತ ಹೆಸರಿದೆ. 1961ರ ನಿಯಮಾವಳಿಯ ಪ್ರಕಾರ ಮೇಟ್ ಆಗಲು ಪ್ರಮಾಣಪತ್ರ ಬೇಕು. (ಅದರ ಹೆಸರು ಲೋಹ ಗಣಿಗಳ ನಿಯಮಾವಳಿ. ನಮ್ಮ ಕಲ್ಲಿನಲ್ಲಿ ಲೋಹ ಎಲ್ಲಿಂದ ಬಂತು ಅಂತ ಕೇಳಬೇಡಿ. ಕಲ್ಲಿದ್ದಲು, ಎಣ್ಣೆ ಬಿಟ್ಟರೆ ಉಳಿದದ್ದೆಲ್ಲ ಸರ್ಕಾರಕ್ಕೆ ಲೋಹವೇ.) ಪ್ರಮಾಣಪತ್ರ ಕೊಡುವುದು ಗಣಿ ಸುರಕ್ಷತಾ ಮಹಾನಿರ್ದೇಶನಾಲಯ. ಅದರ ಮುಖ್ಯ ಕಚೇರಿ ಧನಬಾದಿನಲ್ಲಿ. ವೈದ್ಯಕೀಯ ತಪಾಸಣೆ ಆಗಬೇಕು, ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟು ಬೇಕು. ಅವೆರಡನ್ನೂ ಹುಡುಗ ಓಡಾಡಿ ತಂದಿಟ್ಟುಕೊಂಡಿದ್ದಾನೆ. ಉಳಿದದ್ದು ಅನುಭವ ಪತ್ರ, ಲೆಟರ್‌ಹೆಡ್ ಮೇಲೆ ಎರಡು ಸಾಲು.

“ಸಾವ್ಕಾರ್ರೇ, ಅದೊಂದು ಕಾಗದ ಕೊಟ್ರ...”

“ಕೊಡಂಗಿಲ್ಲ ಅಂದೀನೇನು ತಮ್ಮಾ? ಇವತ್ತ ಅಮಾಸಿ.”

ಅಮಾವಾಸ್ಯೆ ಕಳೆದರೆ ಶ್ರಾವಣ. ಶ್ರಾವಣ ಮುಗಿದರೆ ತೊಗರಿಗೆ ಔಷಧ ಹೊಡೆಯುವ ಗಡಿಬಿಡಿ, ಆಮೇಲೆ ರಾಶಿ, ಅದರ ಬೆನ್ನಿಗೇ ಮಾರ್ಚ್ ಎಂಡ್. ನಡುವೆ ಎಲ್ಲೋ ಒಂದು ವಾರ ಬಿಡುವು ಸಿಕ್ಕಿತು ಅನ್ನುವಾಗ ಸಿಕ್ಕಾ ಮುನೀಮನ ಹತ್ತಿರ, ಮುನೀಮ ಯಾದಗಿರಿಯಲ್ಲಿ. ಮುನೀಮ ಬಂದ ದಿನ ಸ್ಟ್ಯಾಂಪ್ ಪ್ಯಾಡು ಒಣಗಿರುತ್ತದೆ. ಎಲ್ಲ ಸರಿಹೋದ ದಿನ ಹೊಸ ಮಾತು: “ಮ್ಯಾನೇಜರ್ ಸಹಿ ಬೇಕಲ್ಲಪಾ.” ಮ್ಯಾನೇಜರ್ ಅನ್ನುವವರು ಖಣಿಯ ಬೋರ್ಡಿನ ಮೇಲಿದ್ದಾರೆ. ಅದರ ಆಚೆ ಅವರನ್ನು ನೋಡಿದವರಿಲ್ಲ.

ಹುಡುಗ ಕಲಿತು ಮುಂದೆ ಹೋದಾನು ಎಂಬ ಹೊಟ್ಟೆಕಿಚ್ಚು ಅಂತ ಜನ ಅನ್ನುತ್ತಾರೆ. ಸಾವ್ಕಾರ್ರ ಬಾಯಲ್ಲೂ ಅದೇ ಬರುತ್ತದೆ: “ಸರ್ಟಿಫಿಕೇಟ್ ಬಂದ್ರ ನೀ ಫ್ಯಾಕ್ಟರಿಗೆ ಹೋಗ್ತಿ. ವಾಡಿದಾಗ, ಸೇಡಂದಾಗ, ಮಳಖೇಡದಾಗ ಸಿಮೆಂಟಿನವರು ಕರಕೊಂಡು ಹೋಗ್ತಾರ. ನನ್ನ ಖಣಿ ಯಾರ್ ನೋಡ್ತಾರ?” ಇದು ಅರ್ಧ ಖರೆ. ಇನ್ನರ್ಧ ತಿಳಿಯಬೇಕಾದರೆ ಸಾವ್ಕಾರ್ರ ಲೆಕ್ಕ ಗೊತ್ತಿರಬೇಕು.

ಬೀಗರು ಬಂದಾಗ ಅವರು ಹುಡುಗನ ಹೆಗಲ ಮೇಲೆ ಕೈ ಹಾಕಿ ಹೇಳುತ್ತಾರೆ: “ಹನ್ನೆರಡು ವರ್ಷ ಆತು ನೋಡ್ರಿ ನಮ್ಮ ಹಂತೇಲಿ. ಮಗ ಇದ್ದಂಗ.” ಭವಿಷ್ಯ ನಿಧಿಯವರು ಬಂದರೆ, “ಇವನಾ? ಮೊನ್ನಿ ಬಂದಾನ್ರಿ, ನೀರು ಕೊಡಲಾಕ.” ಇನ್ನು ಕೆಲಸಗಾರರ ರಿಜಿಸ್ಟರಿನಲ್ಲಿ ಅವನ ನೌಕರಿ ಹನ್ನೊಂದು ತಿಂಗಳದ್ದು. ಹನ್ನೊಂದು ತುಂಬಿದ ಕೂಡಲೇ ಹೆಸರು ತೆಗೆದು ಮತ್ತೆ ಹೊಸದಾಗಿ ಬರೆಯುತ್ತಾರೆ. ರಿಜಿಸ್ಟರಿನ ಪ್ರಕಾರ ಹುಡುಗ ವರ್ಷಕ್ಕೊಮ್ಮೆ ಹುಟ್ಟುತ್ತಾನೆ. ಐದು ವರ್ಷ ಸತತವಾಗಿ ದುಡಿದವನಿಗೆ, ವರ್ಷಕ್ಕೆ ಹದಿನೈದು ದಿನದ ಪಗಾರದಂತೆ ಗ್ರಾಚುಯಿಟಿ ಕೊಡಬೇಕೆಂದು 1972ರ ಕಾಯ್ದೆ ಹೇಳಿತ್ತು. ಅದನ್ನು ಸಾವ್ಕಾರ್ರು ಓದಿಲ್ಲ, ಅವರ ಸಿಎ ಓದಿದ್ದಾರೆ. ಹಾಗಾಗಿ ಲೆಟರ್‌ಹೆಡ್ ಮೇಲೆ ‘ಹನ್ನೆರಡು ವರ್ಷ’ ಅಂತ ಬರೆದರೆ ಅದು ಹುಡುಗನ ಅನುಭವಕ್ಕಿಂತ ಮೊದಲು ಸಾವ್ಕಾರ್ರ ತಪ್ಪೊಪ್ಪಿಗೆ. ‘ಹನ್ನೊಂದು ತಿಂಗಳು’ ಅಂತ ಬರೆದರೆ ಹುಡುಗನಿಗೆ ಉಪಯೋಗವಿಲ್ಲ. ಬೀಗರ ಮುಂದೆ ಹೇಳಿದ್ದನ್ನು ಬರೆಯುವಂತಿಲ್ಲ, ಬರೆದಿಟ್ಟದ್ದನ್ನು ಹೇಳುವಂತಿಲ್ಲ. ಪಾಪ, ಎದೆ ಉರಿಯದೆ ಏನಾದೀತು?

ಒಮ್ಮೆ ಹುಡುಗ ಧೈರ್ಯ ಮಾಡಿ ಕಾಯ್ದೆಯ ಮಾತು ಎತ್ತಿದ. ಕೆಲಸ ಬಿಡುವಾಗ ಸೇವಾ ಪ್ರಮಾಣಪತ್ರ ಕೊಡಬೇಕೆಂದು 1946ರ ಸ್ಥಾಯಿ ಆದೇಶದ ನಿಯಮಗಳಲ್ಲೇ ಇದೆಯೆಂದು ಯಾರೋ ಶಹಾಬಾದಿನ ಯೂನಿಯನ್‌ನವರು ಹೇಳಿಕೊಟ್ಟಿದ್ದರು. ಸಾವ್ಕಾರ್ರು ನಕ್ಕರು. “ಬಿಡುವಾಗ ಅಂತ ಅದ ನೋಡು. ನೀ ಬಿಡಲತ್ತೀಯೇನು?” “ಇಲ್ರೀ.” “ಮತ್ತ? ಬಿಟ್ಟ ದಿನ ಬಾ.” ಬಿಟ್ಟ ದಿನ ಹೋದರೆ ಏನಂತಾರೆಂಬುದೂ ಹುಡುಗನಿಗೆ ಗೊತ್ತಿತ್ತು: ‘ಬಿಟ್ಟವನಿಗೆ ನಾ ಯಾಕ ಕೊಡ್ಲಿ?’

ಅದೇ ಹೊತ್ತಿಗೆ ಹೈದರಾಬಾದಿನಿಂದ ಮಗನ ಫೋನು. ಮಗ ಅಲ್ಲಿ ಸಿಎ ಆರ್ಟಿಕಲ್‌ಶಿಪ್ ಮಾಡುತ್ತಾನೆ. ಬೇರೆ ಆಫೀಸಿಗೆ ಹೋಗಬೇಕಾಗಿದೆ, ಈಗಿರುವ ಸಾಹೇಬರು ಸಹಿ ಹಾಕುತ್ತಿಲ್ಲ. ಸಾವ್ಕಾರ್ರು ಗಾದಿಯ ಮೇಲಿಂದ ಅರ್ಧ ಎದ್ದರು. “ಸಹಿ ಹಾಕಂಗಿಲ್ಲ ಅಂದ್ರ ಹ್ಯಾಂಗ? ದುಡಿಸಿಕೊಂಡಾನೋ ಇಲ್ಲೋ? ಹುಡುಗನ ಬಾಳೇವು ಹಾಳು ಮಾಡ್ತಾನೇನು? ಕಾನೂನು ಇಲ್ಲೇನು ಈ ದೇಶದಾಗ?” ಫೋನ್ ಇಟ್ಟು, ಎದುರಿಗೆ ನಿಂತಿದ್ದವನನ್ನು ನೋಡಿ, “ಎಂಥಾ ಮಂದಿ ಇರ್ತಾರ ನೋಡು” ಅಂದರು. ಅವನೂ “ಹೌದ್ರೀ” ಅಂದ. ಮತ್ತೇನು ಅಂದಾನು?

ಹಾಗಂತ ಕಾಗದ ಬರಲೇ ಇಲ್ಲ ಅನ್ನುವಂತಿಲ್ಲ. ಕಡೆಗೊಂದು ದಿನ ಸಾವ್ಕಾರ್ರು ತಾವೇ ಕರೆದು ಕೊಟ್ಟರು. ಲೆಟರ್‌ಹೆಡ್ ಇತ್ತು, ಸಿಕ್ಕಾ ಇತ್ತು, ಸಹಿಯೂ ಇತ್ತು. “ಸದರಿಯವರು ನಮಗೆ ಬಹಳ ದಿವಸಗಳಿಂದ ಪರಿಚಿತರಿದ್ದು, ಒಳ್ಳೆಯ ನಡತೆಯವರಿರುತ್ತಾರೆ. ಇವರು ನಮ್ಮ ಖಣಿಯ ಕಡೆಗೆ ಆಗಾಗ ಬಂದು ಹೋಗುತ್ತಿರುತ್ತಾರೆ. ಇವರ ಭವಿಷ್ಯ ಉಜ್ವಲವಾಗಲೆಂದು ಹಾರೈಸುತ್ತೇವೆ.” ಹನ್ನೆರಡು ವರ್ಷ ಆಗಾಗ ಬಂದು ಹೋದವನು ಅದನ್ನು ಓದಿ, ಮಡಚಿ, ಮರುದಿನ ಬೆಳಗ್ಗೆ ಎಂದಿನಂತೆ ಎಲ್ಲರಿಗಿಂತ ಮೊದಲು ಖಣಿಗೆ ಇಳಿದ.

2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕೆಲಸಕ್ಕೆ ಸೇರಿದ ಪ್ರತಿಯೊಬ್ಬನಿಗೂ ನೇಮಕಾತಿ ಪತ್ರ ಕೊಡಲೇಬೇಕಂತೆ. ಸಾವ್ಕಾರ್ರಿಗೆ ಸುದ್ದಿ ಮುಟ್ಟಿದೆ, “ಪ್ರಿಂಟಿಂಗ್ ಪ್ರೆಸ್‌ನವಗ ಹೇಳೀನಿ” ಅನ್ನುತ್ತಾರೆ. ನಮ್ಮ ಕಡೆ ಈ ವರ್ಷ ಖಣಿ ಕೆಲಸಕ್ಕೆ ಹೊರಟ ಹುಡುಗರಿಗೆ ಒಂದು ಮಾತು: ಪ್ರೆಸ್‌ನವರ ದಾರಿ ಕಾಯಬೇಡಿ. ಪಗಾರ ಬ್ಯಾಂಕಿಗೆ ಹಾಕಿಸಿಕೊಳ್ಳಿ, ಪಿಎಫ್ ನಂಬರು ಕೇಳಿ ಪಡೆಯಿರಿ, ಕೆಲಸಗಾರರ ರಿಜಿಸ್ಟರಿನಲ್ಲಿ ಸೇರಿದ ತಾರೀಖು ಓದಿದ ಮೇಲೆಯೇ ಸಹಿ ಮಾಡಿ. ಜಾತ್ರೆಯ ಖರ್ಚು ಆಮೇಲೆ ಇಸಿದುಕೊಂಡರೂ ನಡೆಯುತ್ತದೆ.