ಕೊನೇ ಬೆಂಚಿನ ವೀರಪ್ಪನ್

ತಮಿಳುನಾಡಿನ ತಾಳವಾಡಿ ಬೆಟ್ಟಕ್ಕೆ ವರ್ಗವಾಗಿ ಬರುವ ಮೇಷ್ಟ್ರಿಗೆ ದಿಂಬಂ ಘಾಟಿಯ 27 ತಿರುವು ಮುಗಿಯುವಷ್ಟರಲ್ಲಿ ಹೊಟ್ಟೆ ತೊಳಸಿರುತ್ತದೆ. ತಲೆ ತೊಳಸುವ ಕೆಲಸ ಸ್ಟಾಫ್ ರೂಮಿನದು. ಚಾರ್ಜ್ ವಹಿಸಿಕೊಡುವಾಗ ಹಾಜರಿ ಪುಸ್ತಕ, ಬೀರುವಿನ ಬೀಗದಕೈ, ಅಚ್ಚು ಮುರಿದ ಗ್ಲೋಬು, ಇವುಗಳ ಜೊತೆ ಒಬ್ಬ ರೌಡಿಯನ್ನೂ ಕೊಡುತ್ತಾರೆ. 'ಹತ್ತನೇ ಕ್ಲಾಸು, ಕೊನೇ ಬೆಂಚು, ಕಿಟಕಿ ಪಕ್ಕ. ಹುಷಾರು! ನಾವೆಲ್ಲ ಅವನನ್ನ ವೀರಪ್ಪನ್ ಅಂತೀವಿ.'

ಇಂಥ ಹುಡುಗ ಈ ಬೆಟ್ಟದ ಯಾವ ಶಾಲೆಯಲ್ಲಾದರೂ ಇರಬಹುದಾದ್ದರಿಂದ ಹೆಸರು ಬೇಡ. ಸ್ಟಾಫ್ ರೂಮಿಗೂ ಅದು ಬೇಕಾಗಿಲ್ಲ.

ಅಸಲಿ ವೀರಪ್ಪನ್, ಆ ಕಾಡುಗಳ್ಳ, ಹುಟ್ಟಿದ್ದು ಗೋಪಿನಾಥಂನಲ್ಲಿ, ಇಂದಿನ ಕರ್ನಾಟಕದೊಳಗೆ. ಸತ್ತದ್ದು 2004ರ ಅಕ್ಟೋಬರ್‌ನಲ್ಲಿ, ಧರ್ಮಪುರಿ ಕಡೆ. ನಮ್ಮ ಹುಡುಗ ಹುಟ್ಟಿದ್ದು ಅದಾಗಿ ಐದಾರು ವರ್ಷಕ್ಕೆ. 2000ದ ಜುಲೈ 30ರ ರಾತ್ರಿ ನಟ ರಾಜಕುಮಾರ್ ಅವರನ್ನು ಇಲ್ಲಿಯ ಗಾಜನೂರಿನ ಮನೆಯಿಂದ ವೀರಪ್ಪನ್ ಹೊತ್ತೊಯ್ದನಲ್ಲ, ಅಂದಿನಿಂದ ತಾಳವಾಡಿ ಎಂದರೆ ಬಯಲುಸೀಮೆಯವರಿಗೆ ಅದೇ ನೆನಪು. ಕಳಕೊಂಡದ್ದು ಈ ನೆಲ, ಕಳ್ಳನ ಹೆಸರು ಅಂಟಿದ್ದೂ ಈ ನೆಲಕ್ಕೆ. ಇನ್ನು ಇಲ್ಲಿಯ ಹುಡುಗನಿಗೆ ಅಂಟಿಸಲು ಎಷ್ಟು ಹೊತ್ತು?

ಆರೋಪಗಳು ಗಟ್ಟಿಯಾಗಿಯೇ ಇವೆ. ಸದಾ ಕೆಂಗಣ್ಣು. ಒಡಕು ದನಿ. ವಾರಕ್ಕೆರಡು ದಿನ ಪತ್ತೆ ಇಲ್ಲ. ಬಂದ ದಿನ ಡೆಸ್ಕಿನ ಮೇಲೆ ತಲೆ. ಒಮ್ಮೆ ಜೇಬಿನಲ್ಲಿ ಪಟಾಕಿ ಸಿಕ್ಕಿತು. ಹೆಡ್ ಮಾಸ್ಟರ್ ಕೋಣೆ ಸೇರುವಷ್ಟರಲ್ಲಿ ಅದು ಬಾಂಬಾಗಿತ್ತು.

ಹೊಸದಾಗಿ ಬಂದ ಮಿಸ್‌ಗೆ ಅನುಭವ ಸಾಲದು. ಸೀದಾ ಕೊನೇ ಬೆಂಚಿಗೆ ಹೋಗಿ ಕನ್ನಡದಲ್ಲೇ ಕೇಳಿಬಿಟ್ಟರು: 'ಯಾಕಪ್ಪಾ, ರಾತ್ರಿ ನಿದ್ದೆ ಮಾಡ್ಲಿಲ್ವಾ?'

'ಆನ ಬಂದಿತ್ತು ಮಿಸ್. ಅಪ್ಪನ್ಗ ಕಾಲು ಆಗಲ್ಲ. ಕಾವಲ್ಗ ನಾನೇ ಹೋಗದು.'

ತನಿಖೆ ಮುಗಿಯಿತು. ಕೆಂಗಣ್ಣು ಅಟ್ಟಣೆಯ ಮೇಲಿನ ಜಾಗರಣೆಯದು, ಒಡಕು ದನಿ ಆನೆಯನ್ನು ಕೂಗಿ ಅಟ್ಟಿದ್ದು, ಪಟಾಕಿ ಮುಸುಕಿನ ಜೋಳದ ಹೊಲದ್ದು.

ಇದೇ ಬೆಟ್ಟದಲ್ಲಿ ಕರುಪ್ಪನ್ ಎಂಬ ಆನೆಗೂ ಕೆಟ್ಟ ಹೆಸರಿತ್ತು. ಅದನ್ನು ಹಿಡಿಯಲು ಅರಣ್ಯ ಇಲಾಖೆ ವೈದ್ಯರನ್ನು ಕರೆಸಿತು, ಪಳಗಿದ ಕುಮ್ಕಿ ಆನೆಗಳನ್ನು ತರಿಸಿತು, ಅರವಳಿಕೆ ಹೊಡೆಸಿತು. ಅದು ಮತ್ತೆ ಮತ್ತೆ ತಪ್ಪಿಸಿಕೊಂಡು ಕೊನೆಗೆ 2023ರ ಏಪ್ರಿಲ್‌ನಲ್ಲಿ ಸಿಕ್ಕಿತು. ಲಾರಿ ಹತ್ತಿಸಿ ಬೇರೆ ಕಾಡಿಗೆ ಬಿಟ್ಟರು. ಕರಿಹಲಗೆಯಿಂದ ಕೊನೇ ಬೆಂಚಿನವರೆಗೆ ನಡೆಯಲು ಕುಮ್ಕಿ ಬೇಕಿರಲಿಲ್ಲ. ಬೇಕು ಎಂದುಕೊಂಡೇ ಹಿಂದಿನವರೆಲ್ಲ ಕಾದಿದ್ದರೋ ಏನೋ.

ಹುಡುಗ ನಿದ್ದೆಗೆಡುವುದಕ್ಕೆ ನ್ಯಾಯಾಲಯವನ್ನೂ ದೂರುವ ಹಾಗಿಲ್ಲ. ಕಾಡುಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯಬಾರದೆಂದು ಮದ್ರಾಸ್ ಹೈಕೋರ್ಟಿನ ಅಪ್ಪಣೆಯಂತೆ 2022ರಿಂದ ದಿಂಬಂ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಬಹಳ ಒಳ್ಳೆಯದು. ಹಾಗೆ ನಿಶ್ಚಿಂತೆಯಿಂದ ರಸ್ತೆ ದಾಟಿದ ಆನೆ ಹೊಲಕ್ಕಿಳಿದರೆ ಹುಡುಗನ ನಿದ್ದೆಯ ಪರವಾಗಿ ವಾದಿಸುವ ವಕೀಲರಷ್ಟೇ ಸಿಕ್ಕಿಲ್ಲ. ರಜಾ ಅರ್ಜಿಗೆ ಜ್ವರ ನಡೆಯುತ್ತದೆ, ಅಜ್ಜಿಯ ಸಾವು ನಡೆಯುತ್ತದೆ, ಒಂದೇ ಅಜ್ಜಿ ಎರಡು ಸಲ ಸತ್ತರೂ ನಡೆಯುತ್ತದೆ. ಆನೆ ನಡೆಯುವುದಿಲ್ಲ.

ಮಿಸ್ ಅವನಿಗೆ ಮೊದಲನೇ ಪೀರಿಯಡ್ ಮಲಗಲು ಬಿಟ್ಟು, ತಪ್ಪಿದ ಪಾಠವನ್ನು ಊಟದ ಬಿಡುವಿನಲ್ಲಿ ಹೇಳಿಕೊಡುತ್ತಿದ್ದಾರೆ. ಸ್ಟಾಫ್ ರೂಮಿಗೆ ಮಾತ್ರ ಸಮಾಧಾನವಿಲ್ಲ. ಕೈಯಲ್ಲಿದ್ದ ಒಬ್ಬನೇ ರೌಡಿ ಹೀಗೆ ಹೋದರೆ ಹನ್ನೊಂದು ಗಂಟೆಯ ಟೀಗೆ ಏನು ಮಾತಾಡುವುದು? ಹಾಗಾಗಿ ಈಗ ಹೊಸ ಎಚ್ಚರಿಕೆ ಹೊರಟಿದೆ: 'ಆ ಮಿಸ್ ಪಟಾಕಿ ವಾಪಸ್ ಕೊಟ್ರಂತೆ. ಹುಷಾರಾಗಿರಿ.'