ಮುಚ್ಚಳಕ್ಕೊಂದು ಕಾರ್ಮಿಕ ಕಾಯ್ದೆ

ಕುವೈತಿನಲ್ಲಿ ಬಿಸಿನೀರಿನ ತೊಟ್ಟಿ ಇಟ್ಟುಕೊಳ್ಳಬೇಕೆಂದು ಮೊದಲು ಯಾರಿಗೆ ಹೊಳೆಯಿತೋ ಆ ಮಹಾನುಭಾವರಿಗೆ ಶಾಲು ಹೊದೆಸಿ ಸನ್ಮಾನ ಮಾಡಬೇಕು. ಸನ್ಮಾನ ಜುಲೈ ತಿಂಗಳಲ್ಲೇ ಆಗಬೇಕು, ಶಾಲು ಉಣ್ಣೆಯದ್ದೇ ಆಗಬೇಕು. 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾ ಎಂಬಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು; ವಿಶ್ವ ಹವಾಮಾನ ಸಂಸ್ಥೆ ಅದನ್ನು ಪರಿಶೀಲಿಸಿ ಮೊಹರು ಒತ್ತಿತು. ಈ ತೊಟ್ಟಿಯ, ಅಂದರೆ ಜಕೂಝಿಯ, ಕೈಪಿಡಿಗಳೋ, ನೀರು 40 ಡಿಗ್ರಿ ದಾಟಿದರೆ ಜೀವಕ್ಕೆ ಅಪಾಯ ಎನ್ನುತ್ತವೆ. ಅಂದಮೇಲೆ ಬೇಸಗೆಯ ಮಧ್ಯಾಹ್ನ ತೊಟ್ಟಿಯೊಳಗೆ ಕೂತವನು ಕ್ಷೇಮ. ಪಕ್ಕದಲ್ಲಿ ಟವೆಲ್ ಹಿಡಿದು ನಿಂತವನ ಬಗ್ಗೆ ಕೈಪಿಡಿಯಲ್ಲಿ ಅಧ್ಯಾಯವಿಲ್ಲ.

ಫ್ಲಾಟುಗಳಲ್ಲಿ ಇರುವ ನಮ್ಮಂಥವರಿಗೆ ಈ ಬಿಸಿಯ ಪಾಠ ಬಚ್ಚಲಲ್ಲೇ ಆಗುತ್ತದೆ. ಜೂನ್ ಬಂತೆಂದರೆ ತಾರಸಿಯ ಟ್ಯಾಂಕಿನಲ್ಲಿ ನೀರು ತಾನಾಗಿ ಕಾದು, ನೀಲಿ ಗುರುತಿನ ನಲ್ಲಿ ಕೈ ಸುಡುತ್ತದೆ. ಆಗ ಗೀಸರಿನ ಸ್ವಿಚ್ ಆರಿಸಿ, ಅದರ ಹೊಟ್ಟೆಯಲ್ಲಿ ಆರಿ ತಣ್ಣಗಾದ ನೀರನ್ನು ಕೆಂಪು ಗುರುತಿನ ನಲ್ಲಿಯಿಂದ ಹಿಡಿಯುವುದು ಅಬ್ಬಾಸಿಯಾದಿಂದ ಮಂಗಾಫ್‌ವರೆಗೆ ಎಷ್ಟೋ ಮನೆಗಳ ಪದ್ಧತಿ. ಟ್ಯಾಂಕು ಬಿಸಿ ಕೊಟ್ಟು ಗೀಸರು ತಂಪು ಕೊಡುವ ಊರಿನಲ್ಲಿ, ನೀರು ಕಾಯಿಸುವ ತೊಟ್ಟಿಯನ್ನು ದುಡ್ಡು ಕೊಟ್ಟು ತರಲು ನಿಜಕ್ಕೂ ದೊಡ್ಡ ಮನಸ್ಸು ಬೇಕು.

ದೊಡ್ಡ ಮನಸ್ಸಿನವರ ವಿಹಾರದ ಮನೆಗಳು ದಕ್ಷಿಣದ ಕಡಲತಡಿಯಲ್ಲಿ ಬ್ನೈದರ್, ಜುಲೈಆ, ಖಿರಾನ್ ಎಂದು ಸಾಲಾಗಿವೆ. ಶುಕ್ರವಾರ, ಶನಿವಾರ ಬಂದರೆ ಆ ಮನೆಗಳಿಗೆ ಜೀವ ಬರುತ್ತದೆ. ಸುಳ್ಳು ಹೇಳಬಾರದು, ಜನವರಿಯ ರಾತ್ರಿ ಇಲ್ಲಿ ಪಾದರಸ ಹತ್ತು ಡಿಗ್ರಿಗಿಂತ ಕೆಳಗಿಳಿಯುವುದುಂಟು. ಆಗ ಕುತ್ತಿಗೆಯವರೆಗೆ ಬಿಸಿನೀರಿನಲ್ಲಿ ಮುಳುಗಿ ಕೂತರೆ ಸ್ವರ್ಗಕ್ಕೆ ಮೂರೇ ಗೇಣು. ಈ ಸುಖದ ಮೂಲ ಮಾತ್ರ ನೋವು. ಇಟಲಿಯಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗಿ ನೆಲೆಸಿದ ಜಕೂಝಿ ಮನೆತನದವರು, ಸಂಧಿವಾತದಿಂದ ನರಳುತ್ತಿದ್ದ ತಮ್ಮ ಮನೆಯ ಮಗುವಿಗೆಂದು ಸ್ನಾನದ ತೊಟ್ಟಿಗೆ ಇಳಿಬಿಡುವ ಪಂಪು ಮಾಡಿದರು. ಅದೇ ಮನೆತನದ ರಾಯ್ ಜಕೂಝಿ 1968ರಲ್ಲಿ ಆ ಪಂಪನ್ನು ತೊಟ್ಟಿಯೊಳಗೇ ಅಡಗಿಸಿ ಮಾರುಕಟ್ಟೆಗೆ ಬಿಟ್ಟರು. ಮದ್ದು ಮೋಜಾಯಿತು. ಕುವೈತಿನಲ್ಲಿ ಆ ಮೋಜು ಚಳಿಗಾಲದ ಕೆಲವು ವಾರಗಳದ್ದು. ಉಳಿದಷ್ಟೂ ಕಾಲ ಅಲ್ಲಿ ಬಿಡುವಿಲ್ಲದೆ ದುಡಿಯುವುದು ತೊಟ್ಟಿಯಲ್ಲ, ಅದರ ಮುಚ್ಚಳ.

ಈ ಮುಚ್ಚಳವನ್ನು ಕೊಯ್ದು ನೋಡಿದರೆ ಒಳಗಿರುವುದು ಗಣೇಶನ ಮಂಟಪಕ್ಕೆ ನಾವು ಕೊರೆಯುವ ಅದೇ ಥರ್ಮೋಕೋಲ್, ತುಸು ಗಟ್ಟಿ ಜಾತಿಯದ್ದು. ಅದಕ್ಕೆ ಒಂದು ಸುತ್ತು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ರೆಕ್ಸಿನ್, ನಡುವೆ ಮಡಚಲು ಒಂದು ಹೊಲಿಗೆ. ಇಷ್ಟಕ್ಕೆ ಅಮೆರಿಕದಲ್ಲಿ 400ರಿಂದ 600 ಡಾಲರ್. ದಿನಾರಿನ ಲೆಕ್ಕದಲ್ಲಿ 120ರಿಂದ 180ರ ಆಸುಪಾಸು. ಕುವೈತ್ ಸರಕಾರ 2016ರಲ್ಲಿ ಮನೆಗೆಲಸದವರಿಗೆ ಗೊತ್ತುಮಾಡಿದ ಕನಿಷ್ಠ ಸಂಬಳ ತಿಂಗಳಿಗೆ 60 ದಿನಾರ್. ಮುಚ್ಚಳ ತೊಳೆಯುವವನು ಊರಿಗೆ ಒಂದು ಫಿಲ್ಸ್ ಸಹ ಕಳಿಸದೆ ಎರಡು ಮೂರು ತಿಂಗಳು ದುಡಿದರೆ, ಅವನೂ ಮುಚ್ಚಳದಷ್ಟು ಬೆಲೆ ಬಾಳುತ್ತಾನೆ.

ಮುಚ್ಚಳದ ಆಯುಷ್ಯ ಐದರಿಂದ ಏಳು ವರ್ಷ ಎಂದು ಮಾರುವವರು ಹೇಳುತ್ತಾರೆ. ಅವರು ಹೇಳಿದ್ದು ಕುವೈತಿನ ಸೂರ್ಯನ ಕಿವಿಗೆ ಬಿದ್ದಿಲ್ಲ. ಹಾಗಾಗಿ ಮುಚ್ಚಳ ಬಾಳಿಕೆ ಬರಲು ತಿಳಿದವರು ಕೆಲವು ನಿಯಮ ಮಾಡಿಟ್ಟಿದ್ದಾರೆ. ಅವನ್ನೆಲ್ಲ ಓದಿದ ಮೇಲೆ ನನಗೆ ಖಾತ್ರಿಯಾಯಿತು: ಗಲ್ಫಿನಲ್ಲಿ ಈವರೆಗೆ ಇಷ್ಟು ಅಂತಃಕರಣದ ಕಾರ್ಮಿಕ ಕಾಯ್ದೆ ಬಂದದ್ದಿಲ್ಲ. ಕಲಂವಾರು ನೋಡೋಣ.

ಕಲಂ ಒಂದು, ನೆರಳು. ಬಿಸಿಲಿನ ಅತಿನೇರಳೆ ಕಿರಣ ರೆಕ್ಸಿನ್ನನ್ನು ಮೆದುವಾಗಿ ಇಡುವ ಅಂಶವನ್ನು ಹೀರಿಬಿಡುತ್ತದೆ. ಆಮೇಲೆ ಅದು ಮರಗಟ್ಟಿ, ಹೊಲಿಗೆಯ ಗುಂಟ ಬಿರಿಯುತ್ತದೆ. ಆದಕಾರಣ ಮುಚ್ಚಳಕ್ಕೆ ವರ್ಷವಿಡೀ ನೆರಳು ಬೇಕು. ನೆರಳು ಎಂದು ಟರ್ಪಾಲನ್ನು ಮೈಗೆ ಅಂಟಿಸಿ ಹೊದೆಸಿದರೂ ಆಗದು, ಒಳಗೆ ಬೇಗೆ ಮತ್ತು ತೇವ ಸಿಕ್ಕಿಕೊಳ್ಳುತ್ತದೆ. ಗಾಳಿಯಾಡುವಷ್ಟು ಎತ್ತರದಲ್ಲಿ ಚಪ್ಪರ ಕಟ್ಟಬೇಕು. ಮನುಷ್ಯರಿಗೂ ಇಲ್ಲಿ ನೆರಳಿನ ನಿಯಮ ಇದೆ: ಜೂನ್ 1ರಿಂದ ಆಗಸ್ಟ್ 31ರವರೆಗೆ ಬೆಳಗ್ಗೆ 11ರಿಂದ ಸಂಜೆ 4ರ ತನಕ ಬಯಲಲ್ಲಿ ಕೆಲಸ ಮಾಡಿಸುವಂತಿಲ್ಲ. ಒಳ್ಳೆಯ ನಿಯಮ. ಆದರೆ 2010ರ ಕಾರ್ಮಿಕ ಕಾನೂನು ಮನೆಗೆಲಸದವರನ್ನು ತನ್ನ ಹೊಸ್ತಿಲಾಚೆ ನಿಲ್ಲಿಸಿದೆ. ಅವರಿಗೆ 2015ರ ಬೇರೆ ಕಾನೂನು. ದಿನಕ್ಕೆ ಹೆಚ್ಚೆಂದರೆ 12 ಗಂಟೆ ದುಡಿಮೆ, ವಾರಕ್ಕೊಂದು ರಜೆ. ಮುಚ್ಚಳಕ್ಕೆ 12 ಗಂಟೆಯಲ್ಲ, 12 ತಿಂಗಳೂ ಚಪ್ಪರ.

ಕಲಂ ಎರಡು, ಸ್ನಾನ ಮತ್ತು ಲೇಪನ. ಶಮಾಲ್ ಎಂಬ ದೂಳುಗಾಳಿ ಎದ್ದು ಹೋದ ಮೇಲೆ ಮುಚ್ಚಳದ ಮೇಲೆ ಕೂತ ದೂಳನ್ನು ಒಣಬಟ್ಟೆಯಲ್ಲಿ ಉಜ್ಜಬಾರದು, ಮರಳಿನ ಕಣ ಗೀರು ಹಾಕುತ್ತದೆ. ಮೊದಲು ಮೆಲ್ಲಗೆ ನೀರು ಬಿಡಬೇಕು, ಆಮೇಲೆ ಸೌಮ್ಯವಾದ ಸೋಪು, ಮತ್ತೆ ನೀರು. ಬ್ಲೀಚ್ ಕೂಡದು, ಪೆಟ್ರೋಲಿಯಂ ಪಾಲಿಶ್ ಕೂಡದು. ಎಲ್ಲ ರೋಗಕ್ಕೂ ತೆಂಗಿನೆಣ್ಣೆ ಎನ್ನುವ ನಮ್ಮ ಕರಾವಳಿಯವರು ಇಲ್ಲಿಯಾದರೂ ಕೈ ತಡೆಯಬೇಕು. ಒಣಗಿದ ಮೇಲೆ ಬಿಸಿಲು ತಡೆಯುವ ಕ್ರೀಮಿನಂಥ ದ್ರವವನ್ನು ಸ್ಪಂಜಿನಲ್ಲಿ ಹಚ್ಚಬೇಕು.

ಡ್ರೈವರ್ ಎಂದು ಬಂದು ತೋಟಗಾರ, ಕಾವಲುಗಾರ, ಮುಚ್ಚಳಗಾರ ಎಲ್ಲವೂ ಆಗಿಹೋದ ಪುತ್ತೂರು ಕಡೆಯವರೊಬ್ಬರು ಇದನ್ನು ಹಚ್ಚುವ ಚಂದ ನೋಡಬೇಕು. ಮೊದಲು ನಡುವಿನ ಮಡಿಕೆ. ಅಲ್ಲಿ ಹೊಲಿಗೆಯ ಪ್ರತಿ ತೂತಿಗೂ ಬೆರಳ ತುದಿಯಿಂದ ಒತ್ತಿ ಒತ್ತಿ. ಆಮೇಲೆ ಮೂಲೆಗಳು, ನಂತರ ಹಿಡಿಕೆಯ ಬುಡ, ಕೊನೆಗೆ ಬಯಲು. ಎಳೆಮಗುವಿಗೆ ಎಣ್ಣೆ ತಿಕ್ಕುವವರೂ ಇಷ್ಟು ನಯವಾಗಿ ತಿಕ್ಕಲಿಕ್ಕಿಲ್ಲ.

“ಇದಕ್ಕೆ ತಿಂಗಳಿಗೊಮ್ಮೆ ಬಿಸಿಲಿನ ಕ್ರೀಮು ಉಂಟು ಮಾರಾಯ್ರೆ. ಊರಲ್ಲಿ ಹೆಂಡತಿಗೆ ಗೊತ್ತಾದರೆ ಜಗಳವೇ. ಅವಳಿಗೆ ಒಂದು ಟ್ಯೂಬು ಸಹ ಕಳಿಸಿದವನಲ್ಲ ನಾನು” ಎಂದರು. ನನ್ನ ಕಣ್ಣು ಅವರ ಹಿಮ್ಮಡಿಯ ಮೇಲಿತ್ತು. ಮೆದುವಾಗಿ ಇಡುವ ಅಂಶ ಹೋದರೆ ರೆಕ್ಸಿನ್ ಹೇಗೆ ಬಿರಿಯುತ್ತದೆ ಎಂದು ತಿಳಿಯಲು ಬೇರೆ ಚಿತ್ರ ಬೇಕಿರಲಿಲ್ಲ.

ಕಲಂ ಮೂರು, ಉಸಿರು. ನೀರಿಗೆ ಕ್ಲೋರಿನ್ ಹಾಕಿದ ಕೂಡಲೇ ಮುಚ್ಚಳ ಎಳೆಯಬಾರದು. ಕಾಲು ಗಂಟೆಯಾದರೂ ತೆರೆದಿಡಬೇಕು. ಇಲ್ಲವಾದರೆ ಏಳುವ ಆವಿ ಒಳಗಿನ ಪ್ಲಾಸ್ಟಿಕ್ಕನ್ನು ಅಡಿಯಿಂದ ತಿನ್ನುತ್ತದೆ. ನೀರಿನ ಪಿಎಚ್ 7.2ರಿಂದ 7.8ರ ನಡುವೆ ಇರಬೇಕು. ಒಟ್ಟಿನಲ್ಲಿ, ಒಳಗೆ ಕಟ್ಟಿಕೊಂಡ ಗಾಳಿಗೆ ಹೊರಗೆ ಹೋಗಲು ದಾರಿ ಇರಬೇಕು.

2024ರ ಜೂನ್ 12ರ ಬೆಳಗಿನ ಜಾವ ಮಂಗಾಫ್‌ನಲ್ಲಿ ಕಾರ್ಮಿಕರಿದ್ದ ಕಟ್ಟಡವೊಂದು ಹೊತ್ತಿಕೊಂಡಿತು. ಸತ್ತವರು ಐವತ್ತರ ಹತ್ತಿರ, ಅವರಲ್ಲಿ ಹೆಚ್ಚಿನವರು ಭಾರತೀಯರು, ಕನ್ನಡ ನಾಡಿನವರೊಬ್ಬರೂ ಇದ್ದರು. ಬಹಳ ಜನರನ್ನು ಕೊಂದದ್ದು ಬೆಂಕಿಯಲ್ಲ, ಹೊಗೆ. ಕೋಣೆಗಳ ನಡುವಿನ ಅಡ್ಡಗೋಡೆಗಳಿಗೆ ಸುಲಭವಾಗಿ ಹೊತ್ತಿಕೊಳ್ಳುವ ವಸ್ತು ಬಳಸಿದ್ದರೆಂದು ಅಗ್ನಿಶಾಮಕದವರು ಹೇಳಿದರು. ಮೂರನೇ ಕಲಮಿನ ಬಗ್ಗೆ ಇಷ್ಟು ಸಾಕು.

ಕಲಂ ನಾಲ್ಕು, ಭಾರ. ಮುಚ್ಚಳದ ಮೇಲೆ ಕೂರಬಾರದು, ನಿಲ್ಲಬಾರದು, ಹುಕ್ಕಾ ಇಡಬಾರದು. ಬೀದಿ ಬೆಕ್ಕುಗಳು ಬೆಚ್ಚಗಿದೆಯೆಂದು ಮಲಗಲು ಬಂದರೆ ಪ್ರೀತಿಯಿಂದ ಓಡಿಸಬೇಕು. ಅವುಗಳ ಉಗುರು ಮಾಡಿದ ತೂತಿನಿಂದ ತೇವ ಒಳಗಿಳಿಯುತ್ತದೆ. ಎತ್ತುವಾಗ ಹಿಡಿಕೆಯನ್ನೇ ಹಿಡಿಯಬೇಕು, ಅಂಚನ್ನಲ್ಲ. ಎಳೆಯಬಾರದು. ಇಬ್ಬರು ಇದ್ದರೆ ಒಳ್ಳೆಯದು, ಎತ್ತುವ ಸಲಕರಣೆ ಇದ್ದರೆ ಇನ್ನೂ ಒಳ್ಳೆಯದು. ಲಿಫ್ಟ್ ಕೆಟ್ಟ ದಿನ ಸಾಲ್ಮಿಯಾದ ಫ್ಲಾಟಿಗೆ ಹೆಗಲ ಮೇಲೆ ನೀರಿನ ಕ್ಯಾನ್ ಹೊತ್ತು ತರುವ ಹುಡುಗನಿಗೆ ಹಿಡಿಕೆಯನ್ನು ಎಲ್ಲಿ ಹೊಲಿದಿದ್ದಾರೆಂದು ನಾವು ಯಾರೂ ಕೇಳಿದ್ದಿಲ್ಲ. ಬಾಗಿಲು ತೆರೆದು, ಅಲ್ಲಿ ಇಡು, ಗೋಡೆಗೆ ತಾಗಿಸಬೇಡ ಎನ್ನುತ್ತೇವೆ.

ಕಲಂ ಐದು, ತಂಪು. ಇದು ಕುವೈತಿಗೇ ಮೀಸಲಾದ ತಿದ್ದುಪಡಿ. ಮುಚ್ಚಳ ಇರುವುದು ಬಿಸಿ ಆರದಿರಲೆಂದು. ಬೇಸಗೆಯಲ್ಲಿ ಅದು ತನ್ನ ಕೆಲಸವನ್ನು ಎಷ್ಟು ನಿಷ್ಠೆಯಿಂದ ಮಾಡುತ್ತದೆಂದರೆ, ಹೀಟರ್ ಆರಿಸಿದರೂ ಪಂಪಿನ ಮೋಟಾರಿನ ಕಾವೇ ಒಳಗೆ ಕಟ್ಟಿಕೊಂಡು ನೀರು ತಾನಾಗಿ ಕಾಯುತ್ತ ಹೋಗುತ್ತದೆ. ಆಗ ಪಂಪಿನ ಗಂಟೆ ಕಡಿಮೆ ಮಾಡಿ ರಾತ್ರಿ ಮುಚ್ಚಳವನ್ನು ಸ್ವಲ್ಪ ಸರಿಸಿಡಬೇಕು. ಅದಾಗದವರು ಚಿಲ್ಲರ್ ತರುತ್ತಾರೆ. ಕಾಯಿಸುವ ಯಂತ್ರದ ಪಕ್ಕ ತಣಿಸುವ ಯಂತ್ರ, ಎರಡರ ಜಗಳ ಬಿಡಿಸಲು ಮೇಲೊಂದು ಮುಚ್ಚಳ. ಕುವೈತಿ ಮನೆಗಳಿಗೆ ಕರೆಂಟು ಯೂನಿಟ್ಟಿಗೆ 2 ಫಿಲ್ಸ್ ದರದಲ್ಲಿ ಬರುತ್ತಿರುವಾಗ ಈ ಜಗಳ ದುಬಾರಿಯೇನಲ್ಲ. ಅದೇ ಧಾರಾಳತನದ ಫಲವಾಗಿ 2024ರ ಜೂನಿನಲ್ಲಿ ಎಣ್ಣೆಯ ಮೇಲೆ ತೇಲುವ ಈ ದೇಶದಲ್ಲೂ ಬಡಾವಣೆಗಳಿಗೆ ಸರದಿಯ ಮೇಲೆ ಕರೆಂಟು ತೆಗೆಯಬೇಕಾಯಿತು.

ಇದೆಲ್ಲ ಅರಬ್ಬರ ದೊಡ್ಡಸ್ತಿಕೆ ಎಂದು ನಗುವ ಮೊದಲು ನಮ್ಮ ಮಂಗಳೂರು, ಉಡುಪಿಯ ಹೊಸ ಮನೆಗಳ ತಾರಸಿ ಹತ್ತಿ ನೋಡಿ. ಗಲ್ಫಿನ ದುಡ್ಡಿನ ಮನೆಗೆ ಈಗ ಜಕೂಝಿ ಇಲ್ಲದಿದ್ದರೆ ಗೃಹಪ್ರವೇಶಕ್ಕೆ ಬಂದವರು ಊಟ ಮಾಡಿ ಸುಮ್ಮನೆ ಹೋಗುತ್ತಾರೆ. ಯಜಮಾನ ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು ಒಂದೆರಡು ಸಲ ಇಳಿದು, ಫೋಟೊ ತೆಗೆಸಿಕೊಂಡು ವಿಮಾನ ಹತ್ತುತ್ತಾನೆ. ಉಳಿದ ತಿಂಗಳುಗಳ ಕಾವಲು ಮುಚ್ಚಳದ್ದು ಮತ್ತು ಅಮ್ಮನದ್ದು.

ಅಲ್ಲಿ ಶತ್ರು ಬಿಸಿಲಲ್ಲ, ಮಳೆ. ಕುವೈತಿನಲ್ಲಿ ಇಡೀ ವರ್ಷಕ್ಕೆ ನೂರು ಚಿಲ್ಲರೆ ಮಿಲಿಮೀಟರ್ ಬಿದ್ದರೆ ಮಂಗಳೂರಿನಲ್ಲಿ ಮೂರೂವರೆ ಸಾವಿರ ದಾಟುತ್ತದೆ. 2018ರ ನವೆಂಬರಿನಲ್ಲಿ ಕುವೈತಿನ ರಸ್ತೆಗಳು ಮಳೆಗೆ ಮುಳುಗಿದಾಗ ಲೋಕೋಪಯೋಗಿ ಸಚಿವರು ರಾಜೀನಾಮೆ ಕೊಟ್ಟರು. ನಮ್ಮಲ್ಲಿ ಆ ಪದ್ಧತಿ ಬಂದರೆ ಪ್ರತಿ ಜೂನಿಗೆ ಹೊಸ ಸಂಪುಟ ಬೇಕು. ನೀರು ಜಾರಲೆಂದು ಮುಚ್ಚಳ ನಡುವೆ ದಪ್ಪ, ಅಂಚಿಗೆ ತೆಳ್ಳಗೆ ಇರುತ್ತದೆ. ಆದರೂ ಅಡಿಕೆ ಅಂಗಳದ ಟರ್ಪಾಲು ಬಿಗಿದು ಕಟ್ಟಿದರೆ ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ. ಮಳೆ ನಿಂತ ಮೇಲೆ ಅಮ್ಮ ಟರ್ಪಾಲು ಸರಿಸಿ, ಒರೆಸಿ, ಆ ನುಣುಪಾದ ಬಯಲಿನ ಮೇಲೆ ಹಪ್ಪಳ ಒಣಗಿಸುತ್ತಾರೆ. ವಿಡಿಯೊ ಕಾಲಿನಲ್ಲಿ ಅದನ್ನು ಕಂಡ ಮಗನ ಎದೆ ಧಸಕ್ಕೆನ್ನುತ್ತದೆ.

“ಅಮ್ಮ, ಅದರ ಮೇಲೆ ಭಾರ ಇಡಬೇಡಿ.”

“ಹಪ್ಪಳ ಎಂತ ಭಾರ ಮಗಾ? ನೀನು ಊರಿಗೆ ಬರುವುದು ಯಾವಾಗ ಹೇಳು.”

ಲೈನ್ ಸರಿ ಇಲ್ಲ ಎಂದು ಮಗ ಫೋನ್ ಇಡುತ್ತಾನೆ. ಇಡೀ ಊರಿನಲ್ಲಿ ಆ ಮುಚ್ಚಳದಿಂದ ಏನಾದರೂ ಉಪಯೋಗ ಪಡೆದವರು ಅಮ್ಮ ಒಬ್ಬರೇ.

ಕಡೆಯ ಕಲಂ, ನಿವೃತ್ತಿ. ಎಷ್ಟು ಆರೈಕೆ ಮಾಡಿದರೂ ಒಂದು ದಿನ ಆವಿ ಒಳಗೆ ನುಸುಳಿಯೇ ನುಸುಳುತ್ತದೆ. ಥರ್ಮೋಕೋಲ್ ನೀರು ಕುಡಿಯುತ್ತದೆ. ಒಬ್ಬನೇ ಎತ್ತುತ್ತಿದ್ದ ಮುಚ್ಚಳಕ್ಕೆ ಇಬ್ಬರು ಬೇಕಾಗುತ್ತಾರೆ. ನಡು ಕುಸಿಯುತ್ತದೆ, ಬಿಸಿ ನಿಲ್ಲುವುದಿಲ್ಲ. ಬಿಸಿಲಿಗಿಟ್ಟು ಒಣಗಿಸಿದರೂ ಬಹಳ ದಿನ ಬರುವುದಿಲ್ಲ. ಮಕ್ಕಳಿರುವ ಮನೆಯಲ್ಲಂತೂ ಕುಸಿದ ಮುಚ್ಚಳ ಅಪಾಯ, ಬದಲಾಯಿಸಲೇಬೇಕು. ಮನುಷ್ಯರ ಪೈಕಿಯೂ ಇಂಥ ನಿಯಮ 2021ರಲ್ಲಿ ಬಂದಿತ್ತು: 60 ದಾಟಿದ, ಡಿಗ್ರಿ ಇಲ್ಲದ ಪರದೇಶದವರ ಕೆಲಸದ ಪರವಾನಗಿ ನವೀಕರಿಸುವುದಿಲ್ಲ ಎಂದು. ಗಲಾಟೆಯಾಗಿ ಮರುವರ್ಷ ಸಡಿಲವಾಯಿತು. ವಿಮೆ ಮಾಡಿಸಿ ವರ್ಷಕ್ಕೆ 250 ದಿನಾರ್ ಹೆಚ್ಚುವರಿ ಕಟ್ಟಿದರೆ ಇರಬಹುದು ಎಂದರು. ಹಳೆಯ ಮುಚ್ಚಳದ ಹತ್ತಿರ ಮಾತ್ರ ಇದುವರೆಗೆ ಯಾರೂ ಶುಲ್ಕ ಕೇಳಿದ್ದಿಲ್ಲ.

ಆದ್ದರಿಂದ ಇಲ್ಲಿರುವ ನಮ್ಮ ಬಂಧುಗಳಿಗೆ ಒಂದು ಸಲಹೆ. ಮುಂದಿನ ಸಲ ಇಕಾಮಾ, ಅಂದರೆ ವಾಸದ ಪರವಾನಗಿ, ನವೀಕರಿಸುವಾಗ ಡ್ರೈವರ್, ಅಡುಗೆಯವ, ಹೆಲ್ಪರ್ ಎಂದೆಲ್ಲ ಬರೆಸಬೇಡಿ. ವೃತ್ತಿಯ ಕಾಲಮ್ಮಿನಲ್ಲಿ ‘ಜಕೂಝಿ ಮುಚ್ಚಳ’ ಎಂದು ಬರೆಸಿ. ವರ್ಷವಿಡೀ ನೆರಳು, ತಿಂಗಳಿಗೊಮ್ಮೆ ಕ್ರೀಮು, ಬೇಕಾದಷ್ಟು ಗಾಳಿ, ಎತ್ತಲು ಇಬ್ಬರು, ಎಲ್ಲವೂ ಹಕ್ಕಾಗಿ ಸಿಗುತ್ತದೆ. ಷರತ್ತು ಒಂದೇ: ಎಷ್ಟು ವರ್ಷ ದುಡಿದರೂ ಭಾರವಾಗಬಾರದು.